ಎಲೆಅಡಿಕೆ ಹಾಕಿದ ಬಾಯಿ ಯಾರದು?

ಕೊರೊನಾದ ಮುಖಗವಸು ಕಳಚಿ ಎರಡನೇ ವರ್ಷ. ನಾನಾಗ ಜರ್ಮನಿಯ ಒಂದು ಹಳೆಯ ಅಂಗರಚನಾ ಸಂಗ್ರಹದಲ್ಲಿ ದಂತತಜ್ಞೆಯಾಗಿದ್ದೆ. ಮನೆ ಯೇನಾ ಎಂಬ ಊರಿನಲ್ಲಿ, ಕೆಲಸ ರೈಲು ಹತ್ತಿ ಹೋಗಬೇಕಾದ ಇನ್ನೊಂದು ಊರಿನಲ್ಲಿ. ಆ ಊರಿನ ಹೆಸರು ಬರೆಯುವುದಿಲ್ಲ, ಬರೆದರೆ ಅಲ್ಲಿನವರಿಗೆ ಮುಜುಗರ. ಮೈಸೂರಿನಲ್ಲಿ ಜನರ ಹಲ್ಲು ಕೀಳುತ್ತಿದ್ದವಳು ಇಲ್ಲಿ ಸತ್ತವರ ಹಲ್ಲು ಓದುವ ಕೆಲಸಕ್ಕೆ ಬಂದದ್ದು ಹೇಗೆ ಎಂದು ಕೇಳಬೇಡಿ. ಅದೇ ಒಂದು ಪುರಾಣವಾದೀತು.

ಯುರೋಪಿನ ಇಂಥ ಸಂಗ್ರಹಗಳಲ್ಲಿ ವಸಾಹತು ಕಾಲದಲ್ಲಿ ಎಲ್ಲೆಲ್ಲಿಂದಲೋ ತಂದಿಟ್ಟ ತಲೆಬುರುಡೆಗಳಿವೆ. ಅವು ಯಾವ ನಾಡಿನವು ಎಂದು ಪತ್ತೆ ಹಚ್ಚಿ, ಆ ನಾಡಿನವರಿಗೆ ಮರಳಿಸುವುದು ಈಗಿನ ಕೆಲಸ. ಇದಕ್ಕೆ ಪ್ರೊವೆನನ್ಸ್ ಎನ್ನುತ್ತಾರೆ. ಸರಳವಾಗಿ ಹೇಳಬೇಕೆಂದರೆ, ‘ನೀನು ಯಾರ ಪೈಕಿ?’ ಎಂದು ಮೂಳೆಯನ್ನು ಕೇಳುವುದು. ನಮ್ಮೂರಲ್ಲಿ ಬಸ್ಸಿನಲ್ಲಿ ಪಕ್ಕ ಕೂತವರು ಕೇಳುವುದೂ ಇದನ್ನೇ.

ಆ ವರ್ಷ ನನ್ನ ಮೇಜಿಗೆ ಬಂದದ್ದು ಕೆಳದವಡೆಯೂ ಇದ್ದ ಒಂದು ಬುರುಡೆ. ಡಬ್ಬಿಯ ಮೇಲೆ ‘ಏಡನ್, ಕ್ವಾರಂಟೈನ್’ ಎಂದಷ್ಟೇ ಇತ್ತು. ಅರಬ್ಬಿ ಸಮುದ್ರದ ಆಚೆ ದಂಡೆಯ ಬಂದರು ಏಡನ್. ಬ್ರಿಟಿಷರ ಕಾಲದಲ್ಲಿ ಬಹಳ ವರ್ಷ ಆ ಊರನ್ನು ಆಳಿದ್ದು ಮುಂಬೈಯಿಂದ. ಹಡಗುಗಳಿಗೆ ಕಲ್ಲಿದ್ದಲು ತುಂಬಲು ಅರಬರು, ಸೊಮಾಲಿಗಳು, ನಮ್ಮ ಕಡೆಯ ಕೂಲಿಗಳು ಎಲ್ಲರೂ ಅಲ್ಲಿದ್ದರು. ಪ್ಲೇಗು ಕಾಲರಾ ಬಂದಾಗ ಜ್ವರ ಇದ್ದವರನ್ನು ಊರಾಚೆಯ ಕ್ವಾರಂಟೈನ್‌ಗೆ ಹಾಕುತ್ತಿದ್ದರು. ಅಲ್ಲಿ ಸತ್ತವನೊಬ್ಬನ ತಲೆಯನ್ನು ಯಾವನೋ ಜರ್ಮನ್ ಹಡಗಿನ ವೈದ್ಯ ಸಮಾಧಿಯಿಂದ ಎತ್ತಿ ತಂದಿದ್ದನಂತೆ.

ಅದನ್ನು ಕೇಳಿಕೊಂಡು ಬಂದವರು ಸಾಲಿಂ. ಏಡನ್‌ನಲ್ಲಿ ಹಡಗು ರಿಪೇರಿ ಮಾಡುತ್ತಿದ್ದವರು, ಈಗ ಮಗಳ ಜೊತೆ ಇಲ್ಲಿದ್ದರು. ವಾರಕ್ಕೆ ಮೂರು ಸಲ ಡಯಾಲಿಸಿಸ್. ಅವರ ಅಜ್ಜನ ಅಣ್ಣನನ್ನು ಜ್ವರ ಎಂದು ಕ್ವಾರಂಟೈನ್‌ಗೆ ಒಯ್ದವರು ತಿರುಗಿ ಹೆಣವನ್ನೂ ಕೊಟ್ಟಿರಲಿಲ್ಲವಂತೆ. “ಇದು ಅವನೇ ಅಂತ ನಾನು ಹೇಳೋದಿಲ್ಲ. ಆದರೆ ಅಲ್ಲಿ ಸತ್ತ ಒಬ್ಬನಿಗಾದರೂ ಮಣ್ಣು ಕೊಟ್ಟು ಹೋಗಬೇಕು” ಎಂದಿದ್ದರು. ಅವರ ಊರಲ್ಲಿ ಯುದ್ಧದ ಗಲಾಟೆ, ಹಾಗಾಗಿ ಅವರ ಏಡನ್ ಸಂಘದವರು ಇಲ್ಲಿನ ಸ್ಮಶಾನದ ಮುಸ್ಲಿಂ ಭಾಗದಲ್ಲೇ ಜಾಗವನ್ನೂ ಪಡೆದಿದ್ದರು. ನನ್ನ ವರದಿ ಒಂದೇ ಬಾಕಿ.

ದವಡೆಯನ್ನು ದೀಪದ ಕೆಳಗೆ ಹಿಡಿದೆ. ಅಯ್ಯೋ, ಈ ಹಲ್ಲು ನನಗೆ ಗೊತ್ತು! ಹಲ್ಲಿನ ಬುಡದಲ್ಲಿ ಕಪ್ಪುಗೆಂಪು ಕರೆ, ಒಂದೇ ಪಕ್ಕದ ದವಡೆಹಲ್ಲು ಸವೆದು ಚಪ್ಪಟೆ, ಸಂದಿಯಲ್ಲಿ ಸುಣ್ಣದಂಥ ಗಟ್ಟಿ ಪಾಚಿ. ನಮ್ಮಜ್ಜಿಯ ಬಾಯಿ ತೆರೆದಂತಿತ್ತು. ಎಲೆಅಡಿಕೆ! ಮೈಸೂರಿನವಳಿಗೆ ಇದನ್ನು ಹೇಳಿಕೊಡಬೇಕೇ? ಎದೆ ಉಬ್ಬಿಹೋಯಿತು. ಸಂಗ್ರಹದ ಮುಖ್ಯಸ್ಥೆ ಫ್ರೌ ಬ್ರೆಂಟ್ ಅವರ ಕೋಣೆಗೆ ಹೆಚ್ಚುಕಡಿಮೆ ಓಡಿಯೇ ಹೋಗಿ, “ಈತ ಅರಬನಲ್ಲ, ನಮ್ಮವನು” ಎಂದೆ.

ಫ್ರೌ ಬ್ರೆಂಟ್ ಒಳ್ಳೆಯ ಹೆಂಗಸು. ನಿಯಮ ಬಿಟ್ಟು ನೀರೂ ಕುಡಿಯುವವರಲ್ಲ. ‘ಮೂಲ ಸಮುದಾಯ ಖಚಿತವಾಗದೆ ಯಾರಿಗೂ ಕೊಡುವಂತಿಲ್ಲ’ ಎಂದು ಹೇಳಿ ಸಾಲಿಂ ಅವರ ಅಂತ್ಯಕ್ರಿಯೆಯನ್ನು ಅಂದೇ ತಡೆದರು. ಇನ್ನು ಭಾರತವನ್ನು ಕೇಳಬೇಕು. ಭಾರತದ ಉತ್ತರ ಬರುವವರೆಗೆ ಬುರುಡೆ ಮತ್ತೆ ಕಪಾಟಿಗೆ.

ಮಾರನೆಯ ವಾರ ಸಾಲಿಂ ಕೋಲೂರಿಕೊಂಡು ಬಂದರು. ನನ್ನೊಡನೆ ಮಾತಾಡಿದ್ದು ಬಂದರಿನಲ್ಲಿ ಕಲಿತ, ಮುಂಬೈ ಬೆರೆತ ಹಿಂದಿಯಲ್ಲಿ. ನಾನು ಎಲೆಅಡಿಕೆಯ ವಿಷಯವನ್ನು ವಿವರಿಸಿದೆ. ಅವರು ತಲೆ ಅಲ್ಲಾಡಿಸುತ್ತಾ ಕೇಳಿ, ಕೋಟಿನ ಜೇಬಿನಿಂದ ಒಂದು ಸಣ್ಣ ಡಬ್ಬಿ ತೆಗೆದು ನನ್ನ ಮೇಜಿನ ಮೇಲೆ ಬಿಚ್ಚಿದರು. ವೀಳ್ಯದೆಲೆ! ಅಡಿಕೆ ಚೂರು, ಲವಂಗ, ಸುಣ್ಣ. ನಾನು ಗೌರಿ ಹಬ್ಬಕ್ಕೆ ಎಲೆ ತರುವ ಅದೇ ತಮಿಳರ ಅಂಗಡಿಯ ಕವರು.

“ನಮ್ಮಲ್ಲಿ ತಂಬುಲ್ ಅಂತಾರೆ. ನನ್ನ ಅಮ್ಮ ತಂಬುಲ್ ಇಲ್ಲದೆ ಮದುವೆ ಮನೆಗೆ ಕಾಲಿಡ್ತಿರಲಿಲ್ಲ” ಎಂದರು. ಆಮೇಲೆ ಬಾಯಿ ಅಗಲಿಸಿ ದೀಪದತ್ತ ತಿರುಗಿಸಿ, “ನೋಡು ಬಿಂತಿ, ಈಗ ಹೇಳು. ನಾನು ಯಾವ ದೇಶದವನು?” ಎಂದರು. ಬಿಂತಿ ಎಂದರೆ ಮಗಳೇ ಎಂದು.

ಕಪ್ಪುಗೆಂಪು ಕರೆ. ಒಂದೇ ಪಕ್ಕ ಸವೆತ. ಸುಣ್ಣದ ಪಾಚಿ. ಮುಂಬೈಯಿಂದ ಹೋದ ಅಧಿಕಾರಿ, ಅಡುಗೆಯವ, ಕೂಲಿ ಎಲ್ಲರ ಜೊತೆ ಎಲೆಯೂ ಹೋಗದೆ ಇರುತ್ತದೆಯೇ? ನನಗೆ ಅದು ಹೊಳೆದೇ ಇರಲಿಲ್ಲ. ಎಲೆಅಡಿಕೆ ಎಂದರೆ ನಮ್ಮ ಮನೆಯದೇ ಎಂಬ ಜಂಬ.

ಅಲ್ಲಿಂದ ಎಲ್ಲವೂ ಕಲಸುಮೇಲೋಗರ. ಫ್ರೌ ಬ್ರೆಂಟ್ ಬುರುಡೆಯ ಅಳತೆಗಳನ್ನು ಕಂಪ್ಯೂಟರಿಗೆ ಕೊಟ್ಟರು. ಅದು ಸೊಮಾಲಿಗಳ ಕಡೆ ವಾಲಿತು! ಬಾಲ್ಯದಲ್ಲಿ ಯಾವ ಊರಿನ ನೀರು ಕುಡಿದಿದ್ದ ಎಂದು ತಿಳಿಸುವ ಐಸೊಟೋಪ್ ಪರೀಕ್ಷೆಯೊಂದಿದೆ, ಅದಕ್ಕೆ ಹಲ್ಲನ್ನು ಕೊರೆಯಬೇಕು. ಸಾಲಿಂ ಖಡಾಖಂಡಿತವಾಗಿ ಬೇಡವೆಂದರು: “ಒಂದು ಸಲ ಅವನ ತಲೆ ಕಿತ್ತಿದ್ದು ಸಾಲದಾ?” ನನಗೂ ಕೊರೆಯಲು ಕೈ ಬರಲಿಲ್ಲ. ಅರಬ ಎಂದು ಬರೆದರೆ ಸುಳ್ಳು, ಭಾರತೀಯ ಎಂದರೂ ಸುಳ್ಳು. ‘ಹೇಳಲಾಗದು’ ಎಂದರೆ ಮಾತ್ರ ನಿಜ. ಆದರೆ ಆ ನಿಜ ಬರೆದರೆ ಬುರುಡೆ ಕಪಾಟಿನಲ್ಲೇ, ಸಾಲಿಂ ಮಾತ್ರ ಮಣ್ಣಿಗೆ. ಆ ದಿನಗಳಲ್ಲಿ ನನ್ನ ತಲೆ ಯಾವ ಕಡೆ ಓಡುತ್ತಿತ್ತೋ ನನಗೇ ಗೊತ್ತಿರಲಿಲ್ಲ. ಒಮ್ಮೆ ಇಳಿಯುವ ಸ್ಟೇಷನ್ ಬಿಟ್ಟು ಮುಂದೆ ಹೋಗಿದ್ದೆ.

ಮನೆಯಲ್ಲಿ ಗಂಡ ಶ್ರೀಕಂಠನಿಗೆ ಎಲ್ಲ ಒದರಿದೆ. ಅವನು ಯೇನಾದ ಒಂದು ಲೆನ್ಸ್ ಕಾರ್ಖಾನೆಯಲ್ಲಿ ಎಂಜಿನಿಯರ್. ಸಾರಿಗೆ ಒಗ್ಗರಣೆ ಹಾಕುತ್ತಾ ಕೇಳಿಸಿಕೊಂಡು, “ಅಲ್ವೇ, ಅವನನ್ನ ಜ್ವರ ಅಂತ ಒಳಗೆ ಹಾಕಿದ್ರು. ಸತ್ತ. ಈಗ ಯಾರವನು ಅಂತ ಗೊತ್ತಾಗ್ಲಿಲ್ಲ ಅಂತ ನೀವು ಒಳಗಿಟ್ಟಿದ್ದೀರ. ಪಾಪ, ಅವನ ಕ್ವಾರಂಟೈನ್ ಇನ್ನೂ ಮುಗಿದೇ ಇಲ್ವಲ್ಲೇ!” ಎಂದ. ನನಗೆ ಅಳು ಬಂತು, ಸಿಟ್ಟೂ ಬಂತು. ಒಗ್ಗರಣೆ ಸೀದಿತು.

ಆಮೇಲೆ ಅವನೇ ಕೇಳಿದ, “ಇಬ್ಬರು ಜಗಳ ಆಡಿದ್ರೆ ತಾನೇ ಯಾರಿಗೆ ಕೊಡೋದು ಅನ್ನೋ ಪ್ರಶ್ನೆ? ಇಬ್ಬರೂ ಸೇರಿ ನಮ್ಮವನು ಅಂದ್ರೆ?”

ವರದಿ ಬರೆಯುವ ನಾನೇ ಬುರುಡೆಯನ್ನು ನಮಗೆ ಕೊಡಿ ಎಂದು ಕೇಳುವಂತಿಲ್ಲ. ಕೇಳಬೇಕಾದದ್ದು ನಮ್ಮ ಕನ್ನಡ ಬಳಗ. ರಾಜ್ಯೋತ್ಸವದ ತಯಾರಿಗೆ ಸೇರಿದ್ದಾಗ ಶ್ರೀಕಂಠ ವಿಷಯ ಎತ್ತಿದ. ಬಿಸಿಬೇಳೆಬಾತಿನ ಲೆಕ್ಕಾಚಾರದ ಮಧ್ಯೆ ತಲೆಬುರುಡೆ! ಐಟಿ ಕಂಪನಿಯ ಹುಡುಗನೊಬ್ಬ, “ಗುರು, ನಾವು ಹಾಡು ಡ್ಯಾನ್ಸು ಮಾಡೋ ಗುಂಪು. ಹೆಣದ ಉಸಾಬರಿ ನಮಗ್ಯಾಕೆ? ಅವನು ಹಿಂದೂ ಆಗಿದ್ರೆ ಸುಡಬೇಕಲ್ವಾ?” ಎಂದ. ಆಗ ಮಂಗಳೂರಿನ ನಿಯಾಜ್, ಬಳಗದ ಲೈಟು ಮೈಕು ನೋಡಿಕೊಳ್ಳುವ ಎಂಜಿನಿಯರ್, ನಕ್ಕುಬಿಟ್ಟ. “ಮಾರಾಯ, ನನ್ನ ಅಜ್ಜಿಯೂ ಎಲೆ ತಿಂತಿದ್ರು. ಅವ ನಮ್ಮ ಕಡೆಯ ಬ್ಯಾರಿಯೇ ಆಗಿರಬಹುದಲ್ಲ?” ಎಂದ. ನಾನೂ ಬಾಯಿ ಹಾಕಿದೆ. ನಮ್ಮದು ಲಿಂಗಾಯತರ ಮನೆ, ಸುಡುವುದಿಲ್ಲ, ನಮ್ಮಜ್ಜಿಯನ್ನೂ ಮಣ್ಣು ಮಾಡಿದ್ದೇ ಎಂದೆ. ಚರ್ಚೆ ಇನ್ನಷ್ಟು ಗೋಜಲಾಯಿತು. ಕೊನೆಗೆ ಎಲ್ಲರಿಗೂ ಸಾಕಾಗಿ ಒಪ್ಪಿಕೊಂಡರು.

ನಾನು ‘ಏಡನ್‌ನ ನಿವಾಸಿ, ಎಲೆಅಡಿಕೆ ಹಾಕುತ್ತಿದ್ದವರು, ಅದಕ್ಕಿಂತ ಹೆಚ್ಚು ಹೇಳಲಾಗದು’ ಎಂದು ನಿಜವನ್ನೇ ಬರೆದೆ. ನನ್ನ ಗಂಡನೇ ಕೇಳುವವರಲ್ಲೊಬ್ಬ ಎಂಬುದನ್ನೂ ಸೇರಿಸಿದೆ. ಅದರ ಜೊತೆಗೆ ಎರಡು ಸಂಘಗಳ ಒಂದೇ ಕೋರಿಕೆ. ಫ್ರೌ ಬ್ರೆಂಟ್ ನಿಯಮಗಳನ್ನು ತಿರುವಿ ತಿರುವಿ ಹಾಕಿದರು. “ಇಬ್ಬರೂ ಒಟ್ಟಿಗೆ ನಮ್ಮವನು ಅನ್ನಬಾರದು ಅಂತ ಎಲ್ಲೂ ಬರೆದಿಲ್ಲ. ಯಾರೂ ಹಾಗೆ ಕೇಳಿದ್ದೇ ಇಲ್ಲ” ಎಂದು ಕನ್ನಡಕ ಒರೆಸಿಕೊಂಡರು. ಭಾರತದಿಂದ ತಕರಾರಿಲ್ಲ ಎಂಬ ಉತ್ತರವೂ, ಮೇಲಿನವರ ಒಪ್ಪಿಗೆಯೂ ಬಂತು.

ಮಣ್ಣು ಮಾಡಿದ ದಿನ ಜಿಟಿಜಿಟಿ ಮಳೆ. ಪುಟ್ಟ ಪೆಟ್ಟಿಗೆ. ಏಡನ್‌ನವರು ಪ್ರಾರ್ಥನೆ ಮಾಡಿದರು, ನಿಯಾಜನೂ ಅವರ ಸಾಲಿನಲ್ಲಿ ನಿಂತ. ನಾವು ಹಿಂದೆ ಕೈಮುಗಿದು ನಿಂತೆವು. ಸ್ಮಶಾನದ ನೌಕರ ಸಲಿಕೆ ಊರಿಕೊಂಡು, “ಸತ್ತವರ ಕಡೆಯವರು ಮೊದಲು ಮಣ್ಣು ಹಾಕಿ. ಯಾರು ಕಡೆಯವರು?” ಎಂದು ಕೇಳಿದ.

ಸಾಲಿಂ ನನ್ನತ್ತ ನೋಡಿದರು. ನಾನು ಅವರತ್ತ ನೋಡಿದೆ.

“ನೀನು ಹಾಕು ಬಿಂತಿ. ನಿನ್ನ ಕಡೆಯವನೇ ಆಗಿದ್ದರೆ?”

“ನೀವು ಹಾಕಿ. ನಿಮ್ಮ ಅಜ್ಜನ ಅಣ್ಣನೇ ಆಗಿದ್ದರೆ?”

ನೌಕರ ಒಮ್ಮೆ ಅವರನ್ನು, ಒಮ್ಮೆ ನನ್ನನ್ನು ನೋಡಿ ಗಲಿಬಿಲಿಗೊಂಡ. ಸಾಲಿಂ ಅವರಿಗೆ ಬಗ್ಗಲಾಗುತ್ತಿರಲಿಲ್ಲ. ನಾನು ಒದ್ದೆ ಮಣ್ಣು ಬಾಚಿ ಅವರ ಬೊಗಸೆಗೆ ಹಾಕಿದೆ, ಅವರು ನನ್ನ ಕೈಯನ್ನು ಬಿಡಲಿಲ್ಲ. ಮಣ್ಣು ಇಬ್ಬರ ಕೈಯಿಂದಲೂ ಒಟ್ಟಿಗೆ ಬಿತ್ತು.

ನಾನೀಗ ನಿವೃತ್ತೆ. ಹಲ್ಲು ನೋಡಿ ಬಾಯಿ ಏನು ತಿಂದಿತ್ತು ಎಂದು ಇವತ್ತಿಗೂ ಹೇಳಬಲ್ಲೆ. ಯಾರ ಪಂಕ್ತಿಯಲ್ಲಿ ಕೂತು ತಿಂದಿತ್ತು ಎಂದು ಹೇಳಲಾರೆ. ಅಷ್ಟನ್ನು ಕಲಿಯಲು ನನಗೆ ಇಡೀ ಕೆಲಸದ ಆಯುಷ್ಯ ಬೇಕಾಯಿತು. ಸಾಲಿಂ ಆ ಚಳಿಗಾಲ ದಾಟಲಿಲ್ಲ. ಅವರಿಗೆ ಮಣ್ಣು ಕೊಡುವಾಗ ಅದೇ ನೌಕರ ಬಂದು ಯಾರು ಕಡೆಯವರು ಎಂದು ಕೇಳಿದ. ಅವರ ಮಗಳು ಮುಂದೆ ಹೋದಳು. ಹೋಗುತ್ತಾ ತಿರುಗಿ ನನ್ನನ್ನೂ ಕರೆದಳು.