ಸರ್ವಮಂಗಳಕ್ಕ ಮೂರು ಗಂಟೆ ಅಲುಗದೆ ಮಲಗಿದ್ದು

ನಮ್ಮಕ್ಕ ಸರ್ವಮಂಗಳ ಶನಿವಾರಸಂತೆ ಎಂಬ ಊರಿನಲ್ಲಿ ಹಿಟ್ಟಿನ ಗಿರಣಿ ನಡೆಸುತ್ತಾಳೆ. ಯಂತ್ರದ ಸದ್ದಿನ ಮೇಲೆ ಇಪ್ಪತ್ತು ವರ್ಷ ಕೂಗಿ ಕೂಗಿ, ಈಗ ಗುಟ್ಟು ಹೇಳಿದರೂ ಬಸ್‌ಸ್ಟ್ಯಾಂಡಿಗೆ ಕೇಳಿಸುತ್ತದೆ. ಒಂದು ಕಡೆ ಕೂರುವ ಜನವೂ ಅಲ್ಲ. ಇಂಥವಳ ಗರ್ಭಕೋಶದಲ್ಲಿ ಕಿತ್ತಳೆಯಷ್ಟು ಗೆಡ್ಡೆ ಬೆಳೆದು, ತಿಂಗಳು ತಿಂಗಳೂ ರಕ್ತ ಹೋಗಿ ಮೈ ಬಿಳಿಚಿಕೊಂಡಿತ್ತು. ಕ್ಯಾನ್ಸರ್ ಅಲ್ಲ, ಆದರೂ ಹಾಗೇ ಬಿಡುವಂತಿರಲಿಲ್ಲ. ಆಪರೇಷನ್ ಎಂದರೆ, "ಗಿರಣಿ ಯಾರು ನೋಡ್ತಾರೆ?" ಎನ್ನುತ್ತಿದ್ದಳು.

ಬೆಂಗಳೂರಿನ ಡಾಕ್ಟರು ಬೇರೆ ದಾರಿ ಹೇಳಿದರು. ಅಲ್ಟ್ರಾಸೌಂಡ್ ಎಂಬ, ಕಿವಿಗೆ ಕೇಳಿಸದ ಶಬ್ದದ ಅಲೆಗಳನ್ನು ಹೊರಗಿನಿಂದಲೇ ಗೆಡ್ಡೆಯ ಮೇಲೆ ಒಟ್ಟುಗೂಡಿಸಿ, ಆ ಬಿಸಿಯಲ್ಲಿ ಅದನ್ನು ಸುಡುವುದು. ಕೊಯ್ಯುವುದಿಲ್ಲ, ಹೊಲಿಗೆಯಿಲ್ಲ. ಎಂಆರ್‌ಐ ಯಂತ್ರದೊಳಗೆ ಮೂರು ಗಂಟೆ ಅಲುಗದೆ ಬೋರಲು ಮಲಗಬೇಕು. ಅದಾಗದಿದ್ದರೆ ಆಪರೇಷನ್ನೇ ಗತಿ.

"ಸದ್ದಿಗೆ ಕರಗೋದಾದ್ರೆ ನನ್ ಗಿರಣೀಲೇ ಕರಗಬೇಕಿತ್ತಲ್ಲ ಸಾರ್!" ಎಂದಳು ಅಕ್ಕ.

ಭಾವ ಶಾಂತಪ್ಪ ನನ್ನ ಕಿವಿಯಲ್ಲಿ, "ಇವಳು ಮೂರು ನಿಮಿಷ ಸುಮ್ನಿದ್ದಿದ್ದು ನಾನು ಕಂಡಿಲ್ಲ ಕಣವ್ವ ಕುಸುಮಾ," ಎಂದರು.

ಚಿಕಿತ್ಸೆಯ ದಿನ ನರ್ಸ್, ಎಂಆರ್‌ಐ ಒಳಗೆ ಲೋಹ ಕೂಡದೆಂದು ಎಲ್ಲ ತೆಗೆಯಲು ಹೇಳಿದಳು. ಅಕ್ಕ ಬಳೆ, ಓಲೆ, ಕೊನೆಗೆ ತಾಳಿಯನ್ನೂ ಸರಕ್ಕನೆ ಬಿಚ್ಚಿ ಭಾವನ ಕೈಗಿಟ್ಟಳು. ಅವರ ಮುಖ ನೋಡಬೇಕಿತ್ತು! ಕೊರಳಿನ ಬೆಳ್ಳಿ ಕರಡಿಗೆಯ ಮಾತು ಬಂದಾಗ ಮಾತ್ರ ಗುಡುಗಿದಳು: "ಅದ್ರೊಳಗೆ ಲಿಂಗ ಐತೆ ಕಣಮ್ಮ! ದೀಕ್ಷೆ ಆದಾಗಿನಿಂದ ಮೈ ಬಿಟ್ಟಿಲ್ಲ."

"ಹಾಗಾದ್ರೆ ಒಳಗೆ ಬಿಡಕ್ಕಾಗಲ್ಲಮ್ಮ."

ಅಕ್ಕ ಆಸ್ಪತ್ರೆಯ ಗೌನಿನಲ್ಲೇ ಬಾಗಿಲ ಕಡೆ ಹೊರಟೇಬಿಟ್ಟಳು. ನನಗೆ ಪಿತ್ತ ನೆತ್ತಿಗೇರಿತು. "ಕರಡಿಗೆ ತಾನೇ ಬೆಳ್ಳಿ? ಲಿಂಗ ಕಲ್ಲಲ್ವೇನೇ? ಪೂಜೇಲಿ ಅಂಗೈ ಮೇಲೆ ಇಟ್ಕೊಳ್ಳಲ್ವಾ, ಹಂಗೇ ಇಟ್ಕೋ!" ಎಂದು ರೇಗಿದೆ. ಲಿಂಗದಲ್ಲಿ ಲೋಹವಿಲ್ಲವೆಂದು ಪರೀಕ್ಷಿಸಿ ಡಾಕ್ಟರು ಒಪ್ಪಿದರು. ಎಡಗೈಯಲ್ಲಿ ಬಟ್ಟೆ ಸುತ್ತಿದ ಲಿಂಗ, ಬಲಗೈಯಲ್ಲಿ ನೋವಾದರೆ ಒತ್ತುವ ಗುಂಡಿ ಹಿಡಿದು ಅಕ್ಕ ಒಳಗೆ ಹೋದಳು.

ಈಗ ಕೂಗುತ್ತಾಳೆ, ಈಗ ಎದ್ದು ಬರುತ್ತಾಳೆ ಎಂದು ನಾವಿಬ್ಬರೂ ಬಾಗಿಲನ್ನೇ ನೋಡುತ್ತಾ ಕೂತೆವು. ಮೂರು ಗಂಟೆ ಕಳೆದ ಮೇಲೆ ಡಾಕ್ಟರು ಬಂದು, "ಪೂರ್ತಿಯಾಯ್ತು. ಒಂದ್ಸಲಾನೂ ಅಲುಗಲಿಲ್ಲ," ಎಂದರು.

ನನ್ನ ಜೊತೆ ಒಳಗೆ ಬಂದ ಭಾವ, "ಏನೇ, ಪೂಜೆಗೆ ಕೂತಂಗೆ ಇದ್ಬಿಟ್ಯಲ್ಲ!" ಎಂದು ಛೇಡಿಸಿದರು.

"ಯಾವ ಪೂಜೆ? ಒಂದು ಮಂತ್ರಾನೂ ನೆನಪಾಗ್ಲಿಲ್ಲ ಕಣ್ರೀ," ಅಕ್ಕನ ದನಿ ನಮಗೇ ಸರಿಯಾಗಿ ಕೇಳಿಸಲಿಲ್ಲ. "ಅಲುಗಿದ್ರೆ ಕೊಯ್ತಾರೆ ಅಂತ ಹೆದ್ರಿ ಹೆದ್ರಿ ಸತ್ತೆ."

ಅವಳ ನಲವತ್ತಾರು ವರ್ಷದಲ್ಲಿ 'ಹೆದರಿದೆ' ಎಂದಿದ್ದು ಅದೇ ಮೊದಲು. ಛೇಡಿಸಲು ಬಾಯಿ ತೆರೆದಿದ್ದ ನಾನು ಗಳಗಳನೆ ಅತ್ತುಬಿಟ್ಟೆ.