ಅಕ್ಕನ ಸಂದರ್ಶನಕ್ಕೆಂದು ಬರೆದ ನಿಯಮಗಳು

ಅವತ್ತು ಎಲ್ಲಿ ಎಡವಟ್ಟಾಯಿತು ಎಂಬುದು ಈಗ ತಿಳಿದಿದೆ ಅಂದುಕೊಂಡಿದ್ದೇನೆ. ಆದರೆ ಆ ಕಂಪ್ಯೂಟರಿನ ಮುಂದೆ ಕೂತ ಕೂಡಲೇ ಮತ್ತೆ ತಲೆ ಕೆಡುತ್ತದೆ.

ಹಿರೇಕೆರೂರಿನಲ್ಲಿ ನಮ್ಮ ಓಣಿಯ ಬುದ್ಧ ವಿಹಾರದ ಹಿಂದೆ ಒಂದು ಓದುವ ಕೋಣೆ ಇದೆ. ಅಲ್ಲಿನ ಇಂಟರ್ನೆಟ್ ಉಸ್ತುವಾರಿ ನನ್ನದು. ಹಳೆಯ ಕಂಪ್ಯೂಟರ್ ಒಂದಕ್ಕೆ ಲಿನಕ್ಸ್ ಹಾಕಿ, ಹೊರಗಿನಿಂದ ಬರುವ ವಯರಿಗೂ ಒಳಗಿನ ವೈಫೈ ಡಬ್ಬಿಗೂ ನಡುವೆ ಕೂರಿಸಿದ್ದೆ. ಯಾವುದನ್ನು ಬಿಡಬೇಕು, ಯಾವುದನ್ನು ತಡೆಯಬೇಕು ಎಂಬ ನಿಯಮಗಳನ್ನು ಅದರಲ್ಲಿ ಸಾಲಾಗಿ ಬರೆಯಬೇಕು. ಮೊದಲ ಸಾಲನ್ನು ಎಲ್ಲೋ ನೋಡಿ ಬರೆದಿದ್ದೆ. ಆಗಲೇ ಸಂಪರ್ಕ ಸಿಕ್ಕು ಮಾತು ನಡೆಸಿರುವವರನ್ನು ತಡೆಯಬೇಡ ಅಂತ. ಊಟಕ್ಕೆ ಕೂತವರನ್ನು ನಡುವೆ ಎಬ್ಬಿಸಬಾರದಲ್ಲ, ಹಾಗೆ. ಆ ಸಾಲು ನನಗೆ ಬಹಳ ಹಿಡಿಸಿತ್ತು.

ಆ ದಿನ ಅಕ್ಕನಿಗೆ ಹುಬ್ಬಳ್ಳಿಯ ಆಸ್ಪತ್ರೆಯೊಂದರ ನರ್ಸ್ ಕೆಲಸಕ್ಕೆ ಸಂದರ್ಶನ, ವಿಡಿಯೋ ಕರೆಯಲ್ಲಿ. ಎಷ್ಟೋ ಕಡೆ ಅರ್ಜಿ ಹಾಕಿ ಸೋತ ಮೇಲೆ ಬಂದ ಕರೆ ಅದು. ನಮ್ಮ ಮನೆಯಲ್ಲಿ ಫೋನಿನ ಸಿಗ್ನಲ್ ನಿಲ್ಲುವುದಿಲ್ಲ. ಹಾಗಾಗಿ ಇಸ್ತ್ರಿ ಸೀರೆಯುಟ್ಟು, ಓದುವ ಕೋಣೆಗೆ ಅಂಟಿದ ಚಿಕ್ಕ ಕೋಣೆಯಲ್ಲಿ ಕೂತಿದ್ದಳು.

ಈಚೆ ಪೊಲೀಸ್ ಪರೀಕ್ಷೆಗೆ ಓದುವ ಇಬ್ಬರು ಮಹಾಶಯರು ಫೋನಿನಲ್ಲಿ ಕ್ರಿಕೆಟ್ ನೋಡುತ್ತಿದ್ದರು. ಆಸ್ಪತ್ರೆಯವರ ಮಾತು ಕಡಿದು ಕಡಿದು ಬರುತ್ತಿದೆ ಅಂತ ಅಕ್ಕ ಬಾಗಿಲ ಸಂದಿಯಿಂದ ಸನ್ನೆ ಮಾಡಿದಳು.

“ಬಂದ್ ಮಾಡ್ರಿ, ಅಕ್ಕನ ಇಂಟರ್‌ವ್ಯೂ ನಡದೈತಿ,” ಅಂದೆ.

“ಆತು ತಂಗಿ, ಇದೊಂದ ಓವರ್,” ಅಂದರು. ಇವರ ಓವರ್ ಎಂದಾದರೂ ಮುಗಿಯುವುದುಂಟೇ!

ಸಿಟ್ಟು ನೆತ್ತಿಗೇರಿತು. ಕ್ರಿಕೆಟ್ ತೋರಿಸುವ ತಾಣವನ್ನು ತಡೆದೆ. ಆಟ ನಡೆದೇ ಇತ್ತು. ವಿಡಿಯೋ ತಾಣಗಳನ್ನೆಲ್ಲ ತಡೆದೆ. ಆಗಲೂ “ಸಿಕ್ಸ್!” ಅಂತ ಕೂಗು. ಅರೇ ಇಸ್ಕಿ! ನಾನು ಬರೆದದ್ದು ತಪ್ಪೋ, ಬರೆದ ಜಾಗ ತಪ್ಪೋ, ಯಂತ್ರಕ್ಕೇ ಕಿವುಡೋ? ಕಡೆಗೆ ರೋಸಿ, ಯಾರು ಏನೇ ಕೇಳಿದರೂ ನಾನು ಮೊದಲೇ ಮಾಡಿಟ್ಟಿದ್ದ ನೋಟಿಸಿನ ಪುಟಕ್ಕೆ ತಿರುಗಿಸು, ಉಳಿದದ್ದನ್ನು ತಡೆ ಅಂತ ಬರೆದುಬಿಟ್ಟೆ. ಅಕ್ಕನ ಕರೆಗೆ ಏನೂ ಆಗಲಿಲ್ಲ. ಪರವಾಗಿಲ್ಲ, ಸರಿಯಾಗೇ ಬರೆದಿದ್ದೇನೆ ಅಂತ ಬೀಗಿದೆ. ಆದರೆ ಕ್ರಿಕೆಟ್ಟೂ ನಡೆದಿತ್ತಲ್ಲ, ಅದು ಹೇಗೆ?

ಅಷ್ಟರಲ್ಲಿ ಕರೆಂಟು ಹೋಗಿ ಬಂತು. ಕಂಪ್ಯೂಟರಿಗೆ ಬ್ಯಾಟರಿ ಇತ್ತು, ವೈಫೈ ಡಬ್ಬಿ ಮಾತ್ರ ಆರಿ ಹೊತ್ತಿತು. ಎಲ್ಲರ ಮಾತೂ ಕಡಿಯಿತು. ಇನ್ನು ಯಾರೇ ಬಂದರೂ ಹೊಸಬರೇ, ನನ್ನ ಮೊದಲ ಸಾಲು ಅವರನ್ನು ಕಾಯದು. ಕ್ರಿಕೆಟ್ಟಿನವರು ಚಹಾ ಕುಡಿಯಲು ಎದ್ದು ಹೋದರು.

“ಏ, ಇದೇನ ಇದು?” ಅಂತ ಅಕ್ಕ ಕೂಗಿದಳು. ಓಡಿ ಹೋಗಿ ನೋಡಿದರೆ ಅವಳ ಲ್ಯಾಪ್‌ಟಾಪಿನಲ್ಲಿ ಡಾಕ್ಟರುಗಳ ಮುಖವಿಲ್ಲ, ನನ್ನ ನೋಟಿಸು. ‘ಇದು ಓದುವ ಹೊತ್ತು. ವಿಡಿಯೋ ನೋಡಬೇಡಿ.’

ಮತ್ತೆ ಕಂಪ್ಯೂಟರಿನ ಬಳಿ ಓಡಿದೆ. ಒಂದು ಸಾಲು ಅಳಿಸಿದರೆ ಇನ್ನೊಂದು ಅಡ್ಡ ಬರುತ್ತಿತ್ತು. ಯಾವುದು ಯಾವುದನ್ನು ತಡೆಯುತ್ತಿದೆ ಎಂಬುದೇ ತಿಳಿಯಲಿಲ್ಲ. ಕೊನೆಗೆ ಹೊರಗಿನಿಂದ ಬಂದ ವಯರನ್ನೇ ಕಂಪ್ಯೂಟರಿನಿಂದ ಕಿತ್ತು ನೇರವಾಗಿ ವೈಫೈ ಡಬ್ಬಿಗೆ ಚುಚ್ಚಿದೆ. ಕರೆ ತೆರೆಯಿತು. ಆ ಕಡೆ ಯಾರೂ ಇರಲಿಲ್ಲ.

“ಯಾರ್ನ ಬಿಡಬೇಕಂತ ಬರಿಯೂಮುಂದ ನನ್ನ ನೆನಪ ಆಗಲಿಲ್ಲೇನ?” ಅಂದಳು ಅಕ್ಕ.

“ನೀ ಮೊದಲ ಒಳಗ ಇದ್ದಿ ಅಲ್ಲಕ್ಕಾ. ಅದಕ್ಕ ಬರೀಲಿಲ್ಲ.” ನನಗೆ ಅಳು ಬಂದುಬಿಟ್ಟಿತು.

ಅಕ್ಕ ಲ್ಯಾಪ್‌ಟಾಪ್ ಮುಚ್ಚಿದಳು. “ನಾಳೆ ಫೋನ್ ಹಚ್ಚಿ ನಾನ ಅವರ ಕೈಕಾಲ ಹಿಡಿತೇನಿ. ನೀ ಮಾತ್ರ ನನ್ನ ಸಲುವಾಗಿ ಇನ್ನ ಏನೂ ಮಾಡಬ್ಯಾಡ,” ಅಂದಳು.