ತಂತಿ ಬಿಚ್ಚಿಟ್ಟ ದಿನ ಕೇಳಿದ ಗುಚಿನ್

ಬೆಳಿಗ್ಗೆ ಎದ್ದು, ಹೀಟರಿನ ಪಕ್ಕ ಇಟ್ಟಿದ್ದ ದೋಸೆ ಹಿಟ್ಟು ಉಕ್ಕಿದೆಯೇ ನೋಡಿದೆ, ಉಕ್ಕಿರಲಿಲ್ಲ. ಹಾಲಿನ ಖಾಲಿ ರಟ್ಟಿನ ಡಬ್ಬಗಳನ್ನು ಮಡಿಸಿ ಕಸದ ಕೋಣೆಗೆ ಹಾಕಿ ಬಂದೆ. ಹನ್ನೊಂದಕ್ಕೆ ನೆಲಮಾಳಿಗೆಯ ಬಟ್ಟೆ ಒಗೆಯುವ ಕೋಣೆಯಲ್ಲಿ ನಮ್ಮ ಸರದಿ. ಎರಡು ಮಷಿನ್ ಬಟ್ಟೆ ಹಾಕಿದೆ. ಬೇಳೆ ಬೇಯಿಸಿದೆ. ಇಷ್ಟೆಲ್ಲ ಯಾಕೆ ಹೇಳುತ್ತಿದ್ದೇನೆಂದರೆ, ಅಂದು ನನ್ನ ತಲೆ ಸರಿಯಾಗಿಯೇ ಇತ್ತು ಎಂದು ಗೊತ್ತಾಗಲಿ. ಇದು ನಡೆದದ್ದು. ನಂಬದವರನ್ನು ನಂಬಿಸುವಷ್ಟು ಪುರುಸೊತ್ತು ನನಗಿಲ್ಲ.

ನಾವಾಗ ಸ್ವೀಡನ್ನಿನ ಉತ್ತರದ ಉಮೆಯೊ ಊರಿನಲ್ಲಿದ್ದೆವು. ಡಿಸೆಂಬರ್. ಆ ತಿಂಗಳು ಅಲ್ಲಿ ಮಧ್ಯಾಹ್ನ ಮೂರಕ್ಕೆಲ್ಲ ರಾತ್ರಿ. ನಮ್ಮ ಯಜಮಾನರಿಗೆ ಇಪ್ಪತ್ತು ದಿನದಿಂದ ನಿದ್ದೆ ಇರಲಿಲ್ಲ. ಸೈಕಲ್ ಸಮೇತ ಹಿಮದ ಗುಡ್ಡೆಗೆ ನುಗ್ಗಿ ಮೊಣಕೈ ತರಚಿಕೊಂಡು ಬಂದ ಮೇಲೆ ಸೈಕಲ್ ಬಿಡಿಸಿ ಬಸ್ಸಿಗೆ ಕಳಿಸುತ್ತಿದ್ದೆ. ಆದರೂ ರಸ್ತೆ ದಾಟುವಾಗ ಏನಾದೀತೋ ಎಂಬ ಭಯ.

ಅವರ ಆಫೀಸಿನ ಒಬ್ಬ ಮಹಾಜ್ಞಾನಿ ನಿದ್ದೆಗೆ ಮದ್ದೆಂದು ಝೆನ್ ಸಂಗೀತದ ಉಪದೇಶ ಮಾಡಿದ. ಚಾಪೆ ಬಂತು, ಊದುಬತ್ತಿ ಬಂತು, ಕೊನೆಗೆ ಹಳೇ ಸಾಮಾನಿನ ಅಂಗಡಿಯಿಂದ ಒಂದು ಗುಚಿನ್ ಬಂತು. ಚೀನಾದ ಏಳು ತಂತಿಯ ವಾದ್ಯ. ಮೇಜಿನ ಮೇಲೆ ಅಡ್ಡ ಮಲಗಿಸಿ ನುಡಿಸುವುದು. ನಾನು ಒಂಬತ್ತು ವರ್ಷ ವೀಣೆ ಕಲಿತವಳು. ಇವರು ಒಂದು ಸಲ ‘ಟೊಂಯ್’ ಎನಿಸಿ, ನಾನು ಒಂದು ಈರುಳ್ಳಿ ಹೆಚ್ಚಿ ಮುಗಿಸುವಷ್ಟು ಹೊತ್ತು ಕಣ್ಣು ಮುಚ್ಚಿ ಕೂತು, ಮತ್ತೆ ‘ಟೊಂಯ್’ ಎನಿಸುವರು. ಇದು ಸಂಗೀತವಂತೆ!

“ಏನ್ರೀ, ಎರಡನೇ ಸ್ವರ ಬಸ್ಸಲ್ಲಿ ಬರ್ತಿದ್ಯಾ?”

“ಮಧ್ಯದ ಮೌನ ಕೇಳ್ಬೇಕು ಕಣೇ. ಅದೇ ಝೆನ್.”

“ಮೌನ ಬೇಕಾದ್ರೆ ನಾನೇ ಕೊಡ್ತೀನಿ. ಎರಡು ದಿನ ಮಾತು ಬಿಟ್ರಾಯ್ತು.”

ಅವರು ನಗಲಿಲ್ಲ. ಮಾರನೆಯ ಬೆಳಿಗ್ಗೆ, ಅಂದರೆ ನಾನು ಹೇಳುತ್ತಿರುವ ಆ ದಿನ, ಏಳೂ ತಂತಿ ಬಿಚ್ಚಿ, ಸುರುಳಿ ಸುತ್ತಿ, ಸ್ಟೀಲ್ ಡಬ್ಬಿಗೆ ಹಾಕಿ ಅಡುಗೆ ಕಟ್ಟೆಯ ಮೇಲಿಟ್ಟರು. “ತಗೋ, ನಿನ್ ಕಿವಿಗೆ ನೆಮ್ಮದಿ,” ಎಂದು ಕೆಂಪು ಕಣ್ಣಲ್ಲೇ ಕೆಲಸಕ್ಕೆ ಹೊರಟರು.

ನಾಲ್ಕು ಗಂಟೆ. ಹೊರಗೆ ಕಗ್ಗತ್ತಲೆ. ಒಗೆದ ಬಟ್ಟೆ ಮಡಿಸುತ್ತಿದ್ದೆ... ಗುಚಿನ್ ಇಟ್ಟಿದ್ದ ಒಳಕೋಣೆಯಿಂದ ‘ಟೊಂಯ್’.

ಕೈ ನಿಂತಿತು. ಮೌನ... ಆಮೇಲೆ ತಂತಿಯ ಮೇಲೆ ಬೆರಳು ಉಜ್ಜುವ ‘ಸರ್ರ್’ ಸದ್ದು. ಸ್ವರವೊಂದು ಜಾರುತ್ತಾ ಬಂದು ನಿಂತಿತು. ತಂತಿ ಇಲ್ಲದೆ, ಬೆರಳಿಲ್ಲದೆ ಆ ಸದ್ದು ಹುಟ್ಟುವುದಿಲ್ಲ. ಡಬ್ಬಿ ತೆಗೆದು ನೋಡಿದೆ. ಏಳು ಸುರುಳಿ, ಇದ್ದ ಹಾಗೆಯೇ.

ಬಾಗಿಲ ಸಂದಿಯಿಂದ ಒದ್ದೆ ಮರದ ವಾಸನೆ ಬರುತ್ತಿತ್ತು. ತಾಳವಿಲ್ಲ, ರಾಗವಿಲ್ಲ, ದೆವ್ವಕ್ಕೂ ಝೆನ್ ಹುಚ್ಚು ಹಿಡಿದಿದೆ ಎಂದು ಮನಸ್ಸಿನಲ್ಲೇ ಬೈದೆ. ಬೈದರೆ ಧೈರ್ಯ ಬರುತ್ತದೆ. ಆದರೆ ಶ್ರುತಿ ಮಾತ್ರ ಕೂದಲೆಳೆಯಷ್ಟೂ ತಪ್ಪಿರಲಿಲ್ಲ...

ಫೋನ್ ಮಾಡಿದೆ. “ಎಲ್ಲಿದ್ದೀರಿ?”

“ಬಸ್ಸಲ್ಲಿ. ಯಾಕೆ ಪಿಸಪಿಸ ಅಂತಿದ್ಯಾ? ಏನದು ಸದ್ದು?”

“ನಿಮಗೂ ಕೇಳಿಸ್ತಿದ್ಯಾ?”

“ಹ್ಞೂಂ... ನೀನೇ ತಂತಿ ಕಟ್ಟಿದ್ಯಾ? ನಿಲ್ಲಿಸ್ಬೇಡ್ವೇ...”

ನಾನಲ್ಲ ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಆ ಕಡೆಯಿಂದ ಗೊರಕೆ.

ಇಪ್ಪತ್ತು ದಿನದ ಮೇಲೆ, ಗೊರಕೆ! ಫೋನನ್ನು ಬಾಗಿಲ ಸಂದಿಗೆ ಹಿಡಿದು ನಿಂತೆ. ಒಳಗೆ ಹೋದರೆ ಅದು ನಿಂತೀತು, ಅದು ನಿಂತರೆ ಇವರು ಎದ್ದಾರು. ಬಾಗಿಲಾಚೆಗೆ ಇದ್ದದ್ದು ಏನೋ, ನನ್ನ ಉಸಿರಿಗೆ ತಾಗುವಷ್ಟು ಹತ್ತಿರವಿತ್ತು. ಒಂದೊಂದು ಮೌನವೂ ಹಿಂದಿನದಕ್ಕಿಂತ ಉದ್ದ... ಕೈ ಮರಗಟ್ಟಿತು. ಆದರೂ ಇಳಿಸಲಿಲ್ಲ.

ಕೊನೆಗೆ ಫೋನಿನಲ್ಲಿ ಬಸ್ಸಿನ ಡ್ರೈವರ್, ಕೊನೇ ಸ್ಟಾಪ್ ಬಂತು ಏಳಿ ಎಂದು ಸ್ವೀಡಿಷ್‌ನಲ್ಲಿ ಇವರನ್ನು ಎಬ್ಬಿಸುವುದು ಕೇಳಿಸಿತು. ಅದೇ ಗಳಿಗೆಗೆ ಒಳಗಿನ ಸದ್ದೂ ನಿಂತಿತು. ಬಾಗಿಲು ತೆರೆದು ದೀಪ ಹಾಕಿದೆ. ಮೇಜಿನ ಮೇಲೆ ಬೋಳು ಗುಚಿನ್. ಮುಟ್ಟಿದೆ... ಮರ ಇನ್ನೂ ಅದುರುತ್ತಿತ್ತು.

“ಬಯ್ಕೊಂಡ್ ಬಯ್ಕೊಂಡೇ ಕಲ್ತ್‌ಬಿಟ್ಯಲ್ಲೇ ಕಳ್ಳಿ!” ಮನೆಗೆ ಬಂದವರ ಮುಖದಲ್ಲಿ ಕಳೆ ಇತ್ತು. “ಎಲ್ಲಿ, ಇನ್ನೊಂದ್ಸಲ ನುಡಿಸು.”

“ತಂತಿ ಮತ್ತೆ ಬಿಚ್ಚಿಟ್ಟೆ. ಕೈಕಾಲು ತೊಳ್ಕೊಂಡು ಊಟಕ್ಕೆ ಬನ್ನಿ.”

ನಿಜ ಇವತ್ತಿಗೂ ಹೇಳಿಲ್ಲ. ಆ ಝೆನ್ ಮಹಾಜ್ಞಾನಿಗೆ ಕೀರ್ತಿ ಹೋಗುವುದು ನನಗೆ ಬೇಕಿಲ್ಲ.

ಅನ್ನ, ಬೇಳೆ ಸಾರು, ಸುಟ್ಟ ಹಪ್ಪಳ ತಿಂದೆವು. ದೋಸೆ ಹಿಟ್ಟು ಆಗಲೂ ಉಕ್ಕಿರಲಿಲ್ಲ. ಕೊನೆಯ ಸ್ವರದ ಮುಂದಿನ ಸ್ವರ ಇನ್ನೂ ಬರಬೇಕಿತ್ತು; ನಾನು ಒಳಕೋಣೆಯ ಕಡೆ ಕಿವಿಯಿಟ್ಟು ಕಾಯುತ್ತಾ ಮಲಗಿದ್ದೆ. ಅಂದು ಮೊದಲು ನಿದ್ದೆ ಹೋದವರು ಅವರು.